‘ಮುಟ್ಟಬ್ಯಾಡ್ರಿ’ ಎಂಬುದರ ಪರಿಷ್ಕೃತ ಆವೃತ್ತಿ

ಸುರಕ್ಷತಾ ಯಂತ್ರ ತಯಾರಿಸುವ ಕಂಪನಿಗಳಿಗೆ ಮಾತು ಕಲಿಸಿಕೊಡುವುದು ನನ್ನ ಉದ್ಯೋಗ. ಯಂತ್ರ ಕೆಲಸ ಮಾಡುತ್ತದೆಯೇ ಎಂಬುದನ್ನು ಇಂಜಿನಿಯರುಗಳು ನೋಡಿಕೊಳ್ಳುತ್ತಾರೆ. ಮಾಡದಿದ್ದರೆ ವಕೀಲರು ನೋಡಿಕೊಳ್ಳುತ್ತಾರೆ. ಇವರಿಬ್ಬರ ನಡುವೆ ಗ್ರಾಹಕನೊಂದಿಗೆ ಆಡಬೇಕಾದ ಮಾತು ಆತ್ಮೀಯವಾಗಿ, ಹಿತವಾಗಿ, ಮುಖ್ಯವಾಗಿ ಎಲ್ಲ ಸಂದರ್ಭದಲ್ಲೂ ಒಂದೇ ತೆರನಾಗಿ ಇರುವಂತೆ ನೋಡಿಕೊಳ್ಳುವುದು ನಮ್ಮಂಥ ಬ್ರ್ಯಾಂಡ್ ತಜ್ಞರ ಹೊಣೆ.

ಈ ಸಲ ಒಂದು ಕಂಪನಿ ನನಗೆ ಒಪ್ಪಿಸಿದ್ದು ಪಂಪ್‌ಸೆಟ್ಟಿನ ಮೊಬೈಲ್ ಸ್ಟಾರ್ಟರ್. ಒಳಗೆ ಸಿಮ್ ಹಾಕಿದ ಡಬ್ಬಿ. ತ್ರೀ ಫೇಸ್ ಬಂದರೆ, ಒಂದು ಫೇಸ್ ಹೋದರೆ, ಬೋರ್‌ನಲ್ಲಿ ನೀರು ಮುಗಿದು ಮೋಟರ್ ಬರಿದೇ ಓಡುತ್ತಿದ್ದರೆ ರೈತನ ಫೋನಿಗೆ ಕರೆ ಮಾಡಿ ಹೇಳುತ್ತದೆ. ಹೊಸ ಮಾದರಿಯಲ್ಲಿ ಇನ್ನೊಂದು ಸೌಲಭ್ಯವುಂಟು: ಪೈಪಿಗೆ ಕರೆಂಟ್ ಇಳಿದರೆ ಅದನ್ನೂ ತಿಳಿಸುತ್ತದೆ. ಆ ಕರೆಯಲ್ಲಿ ಡಬ್ಬಿ ಯಾವ ದನಿಯಲ್ಲಿ ಮಾತಾಡಬೇಕು ಎಂಬ ಅಧ್ಯಯನಕ್ಕೆ ಸವದತ್ತಿ ತಾಲ್ಲೂಕಿನ ಚಚಡಿಯನ್ನು ಆರಿಸಿದೆವು. ದೇಸಾಯರ ವಾಡೆಯಿರುವ ಈ ಊರಿಗೆ ಸುರಕ್ಷತೆಯ ಮಾತು ಇನ್ನೂ ಕಾಲಿಟ್ಟಿಲ್ಲ ಎಂಬುದು ಕಂಪನಿಯ ಅಂದಾಜು. ಬಂದು ನೋಡಿದರೆ ಪ್ರತಿಸ್ಪರ್ಧಿಗಳು ಆಗಲೇ ಬೇರು ಬಿಟ್ಟಿದ್ದರು.

ಮೊದಲನೆಯದು ಟ್ರಾನ್ಸ್‌ಫಾರ್ಮರ್ (ಟಿಸಿ) ಕಂಬದ ಮೇಲಿನ ತಗಡು. 1956ರ ಭಾರತೀಯ ವಿದ್ಯುತ್ ನಿಯಮಗಳ 35ನೇ ನಿಯಮ ಇದನ್ನು ಕಡ್ಡಾಯ ಮಾಡಿತು: ಹಿಂದಿ ಅಥವಾ ಇಂಗ್ಲಿಷಿನಲ್ಲಿ ಮತ್ತು ಜಿಲ್ಲೆಯ ಭಾಷೆಯಲ್ಲಿ ಅಪಾಯದ ಸೂಚನೆ, ಜೊತೆಗೆ ತಲೆಬುರುಡೆ ಹಾಗೂ ಎಲುಬು. ಸ್ಥಿರತೆಯ ವಿಷಯದಲ್ಲಿ ಪೂರ್ಣ ಅಂಕ ಕೊಡಬಹುದು. ಇಷ್ಟು ದಶಕ ಒಂದೇ ಮುಖ ಉಳಿಸಿಕೊಂಡ ಬ್ರ್ಯಾಂಡ್ ನಮ್ಮಲ್ಲಿ ಕಡಿಮೆ. ಆದರೆ ಆ ಬುರುಡೆ ಸದಾ ಹಲ್ಲು ಕಿಸಿದಿದ್ದರೂ ಗ್ರಾಹಕನೊಂದಿಗೆ ಭಾವನಾತ್ಮಕ ನಂಟು ಬೆಳೆಸುವಲ್ಲಿ ಸೋತಿದೆ. ಯಾರೂ ಅದರ ಹತ್ತಿರ ಹೋಗುವುದೇ ಇಲ್ಲ.

ಎರಡನೆಯದು ಎಣ್ಣಿ ಬಾಟಲಿ. ಈ ಸೀಮೆಯಲ್ಲಿ ಹತ್ತಿಗೆ ಹೊಡೆಯುವ ಕೀಟನಾಶಕಕ್ಕೆ ಎಣ್ಣಿ ಎಂದೇ ಹೆಸರು. 1971ರ ಕೀಟನಾಶಕ ನಿಯಮಗಳನ್ನು ಓದಿ ನನಗೆ ವೃತ್ತಿಸಹಜ ಅಸೂಯೆಯಾಯಿತು. ನಮ್ಮ ಕಸುಬಿನವರು ದುಡ್ಡು ಎಣಿಸಿಕೊಂಡು ಬರೆದುಕೊಡುವುದನ್ನು ಸರ್ಕಾರ ಆಗಲೇ ಪುಕ್ಕಟೆ ಮಾಡಿಟ್ಟಿದೆ. ದನಿ ಒಂದೇ, ವರಸೆ ನಾಲ್ಕು: ಕಡು ವಿಷಕ್ಕೆ ಕೆಂಪು, ಅದಕ್ಕಿಂತ ಕಡಿಮೆಯದಕ್ಕೆ ಹಳದಿ, ಆಮೇಲೆ ನೀಲಿ, ಕೊನೆಗೆ ಹಸಿರು. ಕೆಂಪಿಗೂ ಹಳದಿಗೂ ‘ವಿಷ’, ನೀಲಿಗೆ ‘ಅಪಾಯ’, ಹಸಿರಿಗೆ ‘ಎಚ್ಚರಿಕೆ’. ಈ ಬಣ್ಣದ ಚೌಕ ಚೀಟಿಯ ಹದಿನಾರನೇ ಒಂದು ಭಾಗಕ್ಕಿಂತ ಚಿಕ್ಕದಿರಬಾರದು. ಅಂದರೆ ಒಂದು ಪಾಲು ಸತ್ಯಕ್ಕೆ, ಉಳಿದ ಹದಿನೈದು ಪಾಲು ಬ್ರ್ಯಾಂಡಿಗೆ. ಇಷ್ಟು ಸಮತೋಲನದ ಹಂಚಿಕೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಹೊಲದ ಬದುವಿನಲ್ಲಿ ಕೂತಿದ್ದ ಹಿರಿಯರೊಬ್ಬರನ್ನು ಕೆಂಪು ಬಣ್ಣದ ಅರ್ಥ ಕೇಳಿದೆ. “ಕೆಂಪ ಇತ್ತಂದ್ರ ಎಣ್ಣಿ ಖಡಕ್ ಇರತೈತ್ರಿ, ಹುಳಾ ಒಂದೂ ಉಳಿಯಂಗಿಲ್ಲ” ಎಂದರು. ಗ್ರಾಹಕರು ಎಚ್ಚರಿಕೆಯನ್ನು ಗುಣಮಟ್ಟದ ಮುದ್ರೆಯಾಗಿ ಸ್ವೀಕರಿಸುತ್ತಾರೆ ಎಂದು ಟಿಪ್ಪಣಿ ಮಾಡಿಕೊಂಡೆ.

ಮೂರನೆಯದನ್ನು ಮಾದರಿ ಎಂದೇ ನನ್ನ ಶಿಷ್ಯರಿಗೆ ಪಾಠ ಮಾಡುತ್ತೇನೆ. 2023ರ ಅಕ್ಟೋಬರ್ 12ರಂದು ದೂರಸಂಪರ್ಕ ಇಲಾಖೆ ಕರ್ನಾಟಕದ ಮೊಬೈಲುಗಳಿಗೆ ಪರೀಕ್ಷಾರ್ಥ ತುರ್ತು ಸಂದೇಶ ಕಳಿಸಿತು. ಜೇಬಿನಲ್ಲಿದ್ದ ಫೋನು ಕಿರುಚಿ, ನಡುಗಿ, ಎದೆ ನಡುಗಿಸಿತು. ತೆಗೆದು ನೋಡಿದರೆ, ಇದು ಮಾದರಿ ಸಂದೇಶ, ನಿರ್ಲಕ್ಷಿಸಿ, ನಿಮ್ಮ ಕಡೆಯಿಂದ ಏನೂ ಮಾಡಬೇಕಾಗಿಲ್ಲ ಎಂದಿತ್ತು. ಗಮನ ಪೂರ್ತಿ ಸೆಳೆದು ಗ್ರಾಹಕನ ಮೇಲೆ ಯಾವ ಹೊರೆಯನ್ನೂ ಹೊರಿಸದ ಇಂಥ ಔದಾರ್ಯ ಖಾಸಗಿ ವಲಯಕ್ಕೆ ಸುಲಭವಾಗಿ ದಕ್ಕುವಂಥದ್ದಲ್ಲ.

ಇದಕ್ಕೆ ತೀರ ವಿರುದ್ಧವಾದದ್ದು ಡಂಗುರ. ನವಿಲುತೀರ್ಥದ ಅಣೆಕಟ್ಟಿನ ನೀರು ಗರಿಷ್ಠ ಮಟ್ಟವಾದ 2079.50 ಅಡಿಯ ಹತ್ತಿರ ಬಂದರೆ ಮಲಪ್ರಭೆಗೆ ನೀರು ಬಿಡಲೇಬೇಕು. 2019ರ ಆಗಸ್ಟ್‌ನಲ್ಲಿ ಆ ನೀರು ರಾಮದುರ್ಗದ ಓಣಿಗಳಿಗೇ ನುಗ್ಗಿತ್ತು. ಇಂಥ ಹೊತ್ತಿನಲ್ಲಿ ಹೊಳೆದಂಡೆಯ ಊರುಗಳಲ್ಲಿ ಹಲಗಿ ಬಡಿದು ಸಾರುವ ಮಾತು ಇಷ್ಟೇ ಇರುತ್ತದೆ: “ಹೊಳಿಗೆ ನೀರ ಬಿಟ್ಟಾರ, ದನಾ ಕರಾ ದಂಡಿಗೆ ಬಿಡಬ್ಯಾಡ್ರೋ!” ನಮಸ್ಕಾರ ಇಲ್ಲ, ಸಂಸ್ಥೆಯ ಪರಿಚಯ ಇಲ್ಲ, ಸೇವೆಯ ಗುಣಮಟ್ಟಕ್ಕೆ ಅಂಕ ಕೊಡಿ ಎಂಬ ಕೋರಿಕೆಯೂ ಇಲ್ಲ. ಕೇಳಿದವರೆಲ್ಲ ಮರುಮಾತಿಲ್ಲದೆ ಎದ್ದು ಹೋಗುತ್ತಾರೆ. ಹೀಗಾದರೆ ಗ್ರಾಹಕ ಸಂಬಂಧ ಬೆಳೆಯುವುದು ಯಾವಾಗ?

ಇಷ್ಟೆಲ್ಲ ಹಿನ್ನೆಲೆಯೊಂದಿಗೆ ನಮ್ಮ ಡಬ್ಬಿಯ ಮಾತಿಗೆ ಕೈ ಹಾಕಿದೆವು. ಮೂಲ ಪಾಠ ಹೊಲದಲ್ಲೇ ಸಿಕ್ಕಿತು. ಸೊಸೆ ಪೈಪಿನ ಕಡೆ ಕೈ ಚಾಚಿದ್ದನ್ನು ಕಂಡು ಅತ್ತೆ ಒದರಿದಳು: “ಏ, ಮುಟ್ಟಬ್ಯಾಡ! ಕರೆಂಟ್ ಇಳದೈತಿ!” ಸೊಸೆ ಕೈ ತೆಗೆದಳು, ಬದುಕಿದಳು. ಫಲಿತಾಂಶ ಸಮಾಧಾನಕರ, ಭಾಷೆ ಅಲ್ಲ. ಕರಡನ್ನು ಕಾನೂನು ವಿಭಾಗಕ್ಕೆ ಕಳಿಸಿದೆವು. ಕರೆಂಟ್ ಇಳಿದಿದೆ ಎಂದು ಖಚಿತವಾಗಿ ಹೇಳಿದರೆ ನಮ್ಮ ಡಬ್ಬಿಯದೇ ತಪ್ಪು ಎಂದಂತಾಗುತ್ತದೆ, ಆದ್ದರಿಂದ ‘ಸಾಧ್ಯತೆ’ ಎಂದಿರಲಿ ಎಂದರು. ಮುಟ್ಟಬೇಡ ಎಂಬ ನಕಾರಾತ್ಮಕ ಧೋರಣೆ ಬೇಡ ಎಂದಿತು ಮಾರುಕಟ್ಟೆ ವಿಭಾಗ. ನಿರ್ದೇಶಕರು ಕಂಪನಿಯ ಧ್ಯೇಯವಾಕ್ಯ ಬಿಟ್ಟುಹೋಗಿದೆ ಎಂದು ನೊಂದುಕೊಂಡರು. ಅಂಗೀಕೃತ ಪಾಠ ಹೀಗಿದೆ:

“ನಮಸ್ಕಾರ! ತಮ್ಮ ಪ್ರತಿಯೊಂದು ಹೆಜ್ಜೆಯಲ್ಲೂ ತಮ್ಮ ಜೊತೆಗಿರುವ ಸುರಕ್ಷತಾ ಕುಟುಂಬಕ್ಕೆ ಸ್ವಾಗತ. ತಮ್ಮ ಅಮೂಲ್ಯ ಸಮಯಕ್ಕೆ ಧನ್ಯವಾದಗಳು. ತಮ್ಮ ನೀರಾವರಿ ಪರಿಸರದಲ್ಲಿ ವಿದ್ಯುತ್ ಸಂಬಂಧಿತ ಅನುಭವದ ಸಾಧ್ಯತೆ ಕಂಡುಬಂದಿದೆ. ಪೈಪಿನಿಂದ ಒಂದು ಆರೋಗ್ಯಕರ ಅಂತರವನ್ನು ತಾವು ಆನಂದಿಸಬಹುದು. ಕನ್ನಡದಲ್ಲಿ ಮುಂದುವರಿಯಲು ಒಂದನ್ನು ಒತ್ತಿ.”

ಪ್ರಾತ್ಯಕ್ಷಿಕೆಯ ದಿನ ಡಬ್ಬಿ ಕರೆ ಮಾಡಿತು. ರೈತ ಫೋನೆತ್ತಿ ‘ನಮಸ್ಕಾರ’ ಕೇಳಿದ್ದೇ ತಡ, ಕಟ್ ಮಾಡಿ ಜೇಬಿಗೆ ಹಾಕಿಕೊಂಡ. ಯಾಕೆಂದು ವಿಚಾರಿಸಿದೆ.

“ಇಷ್ಟ ಮರ್ಯಾದಿಲೆ ಮಾತಾಡವ್ರು ಲೋನಿನವ್ರ ಇರತಾರಲ್ರಿ” ಎಂದ.

ಅಮೂಲ್ಯವಾದ ಪ್ರತಿಕ್ರಿಯೆ. ಮುಂದಿನ ಆವೃತ್ತಿಯಲ್ಲಿ ‘ನಮಸ್ಕಾರ’ದ ಬೆನ್ನಿಗೇ “ಇದು ಸಾಲಕ್ಕೆ ಸಂಬಂಧಿಸಿದ ಕರೆಯಲ್ಲ” ಎಂಬ ವಾಕ್ಯ ಸೇರಿಸಲು ಶಿಫಾರಸು ಮಾಡಿದ್ದೇನೆ. ಹಣಕಾಸು ವಿಭಾಗ ಮಾತ್ರ ಆ ವಾಕ್ಯವನ್ನು ತಡೆಹಿಡಿದಿದೆ. ಮುಂದೆ ಡಬ್ಬಿಯನ್ನು ಕಂತಿನ ಮೇಲೆ ಕೊಡುವ ಆಲೋಚನೆ ಇದೆಯಂತೆ.

ಇನ್ನೊಂದು ಸಣ್ಣ ತೊಡಕು ಉಳಿದಿತ್ತು. ಡಬ್ಬಿ ಮಾತಾಡುವ ತನಕ ಇರಲೆಂದು ಆ ರೈತ ಪೈಪಿನ ಸುತ್ತ ಜಾಲಿ ಮುಳ್ಳಿನ ಟೊಂಗೆ ಕಟ್ಟಿಬಿಟ್ಟಿದ್ದ. ಮಕ್ಕಳು, ಮೇಕೆ, ಓದು ಬರುವವರು, ಬಾರದವರು ಎಲ್ಲರೂ ದೂರವೇ ಉಳಿಯುತ್ತಿದ್ದರು. ಬಣ್ಣ, ಆಕಾರ, ಅಕ್ಷರ ಯಾವುದರಲ್ಲೂ ನಮ್ಮ ಬ್ರ್ಯಾಂಡ್ ಕೈಪಿಡಿಗೆ ಹೊಂದದ, ಅನುಮತಿ ಪಡೆಯದ ಸಂವಹನ. ಕಂಪನಿಯ ಫೋಟೋ ತೆಗೆಯುವ ಮುನ್ನ ಅದನ್ನು ಕಿತ್ತುಹಾಕಲು ನಮ್ಮ ಹುಡುಗನಿಗೆ ಹೇಳಿದೆ. ಎರಡೂ ಕೈಯಲ್ಲಿ ಹಿಡಿದು ಎಳೆದ. ಆಗ ಅವನ ಬಾಯಿಂದ ಬಂದ ಮಾತು ಚುಟುಕಾಗಿತ್ತು, ಸ್ಪಷ್ಟವಾಗಿತ್ತು, ಮೂರು ಹೊಲದಾಚೆಗೂ ಮುಟ್ಟಿತು. ಅಂಗೀಕೃತ ಪದಪಟ್ಟಿಯಲ್ಲಿ ಅದು ಇಲ್ಲವಾದ್ದರಿಂದ ವರದಿಯಲ್ಲಿ ದಾಖಲಿಸಿಲ್ಲ.