ಬನಿಯನ್ ಊರಿನ ಹೆಬ್ಬಾತು

ತಿರುಪ್ಪೂರಿಗೆ ಜನ ಹೋಗುವುದು ಬನಿಯನ್ ಆರ್ಡರ್ ಕೊಡಲಿಕ್ಕೆ. ಯಾವ ಆರ್ಡರೂ ಇಲ್ಲದೆ, ಹಿಮಾಲಯ ದಾಟಿ ಬರುವ ಅತಿಥಿಯೆಂದರೆ ಪಟ್ಟೆತಲೆ ಹೆಬ್ಬಾತು. ಬಿಳಿ ತಲೆ, ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟಿ. ಅದು ಇಳಿಯುವ ನಂಜರಾಯನ್ ಕೆರೆ 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಹೆಬ್ಬಾತಿಗೆ ಮಾತ್ರ ಈ ಬಡ್ತಿಯ ಸುದ್ದಿ ಯಾರೂ ಹೇಳಿದಂತಿಲ್ಲ.

ಪಕ್ಕದ ಕೊಯಮತ್ತೂರಿನ ಸಿಂಗಾನಲ್ಲೂರು ಕೆರೆಯ ದಂಡೆಯಲ್ಲಿ ಬೈನಾಕ್ಯುಲರ್ ಹಿಡಿದ ನಾಲ್ಕಾರು ಜನ ಒಂದೇ ಪೊದೆಯನ್ನು ಉಸಿರು ಬಿಗಿಹಿಡಿದು ನೋಡುತ್ತಿದ್ದರೆ, ಕನ್ನಡ ಮನೆಮಾತಿನ ದೇವಾಂಗ ಅಜ್ಜನೊಬ್ಬ ಕೇಳದೆ ಬಿಟ್ಟಾನೆಯೇ? “ಏನ್ರಪ್ಪಾ, ಒಡವೆ ಕಳಕೊಂಡ್ರಾ?”

ನಿಜವಾದ ಫಜೀತಿ ಮಾರ್ಚಿನಲ್ಲಿ. ಚಳಿಗಾಲವಿಡೀ ಮಾಸಲು ಬಣ್ಣದಲ್ಲಿ ಓಡಾಡಿದ ಹಳದಿ ಸಿಪಿಲೆ, ಊರಿಗೆ ಹೊರಡುವ ಹೊತ್ತಿಗೆ ಮದುವೆ ಗಂಡಿನಂತೆ ಮೈತುಂಬ ಹಳದಿಯಾಗುತ್ತದೆ. “ಅಪರೂಪದ ಹಕ್ಕಿ!” ಎಂದು ಹೊಸಬರು ಕುಣಿದಾಡುತ್ತಾರೆ, ಹಳಬರು ಕೆಮ್ಮುತ್ತಾರೆ.

ತಿರುಪ್ಪೂರು ದೂರವಾದವರಿಗೆ ಗದಗ ಜಿಲ್ಲೆಯ ಮಾಗಡಿ ಕೆರೆ ಇದೆ; ಅಲ್ಲಿಗೂ ಇದೇ ಹೆಬ್ಬಾತು ಬರುತ್ತದೆ. ಡಿಸೆಂಬರ್, ಜನವರಿಯಲ್ಲೇ ಹೋಗಿಬನ್ನಿ. ಮೇ ರಜೆಗೆಂದು ಕಾದಿರೋ, ಬರೀ ಕೆರೆ ನೋಡಿಕೊಂಡು ಬರಬೇಕಾದೀತು.