ಗಾಜುಪ್ರಯಾಣ ಮೀಮಾಂಸೆ

ತೀರ್ಥಯಾತ್ರೆಗೆ ವಿಧಿ ಉಂಟು, ಶವಯಾತ್ರೆಗೂ ಉಂಟು. ಕಲಾಗಾಜು ಕೂಡಿಡುವವರ ಮೇಳಕ್ಕೆ ಹೊರಟವನು ಯಾವ ಕಾಲು ಮುಂದಿಡಬೇಕು, ಪೆಟ್ಟಿಗೆಯನ್ನು ಯಾವ ತೊಡೆಯ ಮೇಲಿಟ್ಟುಕೊಳ್ಳಬೇಕು ಎಂಬುದನ್ನು ಮಾತ್ರ ಶಾಸ್ತ್ರಕಾರರು ಹೇಳದೆ ಹೋದರು. ಈ ಕೊರತೆಯನ್ನು ನೀಗುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಅಧ್ಯಯನದ ವ್ಯಾಪ್ತಿ ಖಾನಾಪುರದಿಂದ ಬೆಳಗಾವಿವರೆಗಿನ ಸುಮಾರು 26 ಕಿ.ಮೀ.; ಅದರಾಚೆಯ ಜಗತ್ತನ್ನು ಅನುಬಂಧವೆಂದು ತಿಳಿಯತಕ್ಕದ್ದು.

ಮೊದಲು ಸಂಗ್ರಾಹಕನ ಲಕ್ಷಣ. ಈತನ ಜೇಬಿನಲ್ಲಿ ಅತಿನೇರಳೆ ಬೆಳಕಿನ ಟಾರ್ಚು ಇರುತ್ತದೆ. ಯುರೇನಿಯಂ ಬೆರೆಸಿದ ಹಳೆಯ ಗಾಜು ಆ ಬೆಳಕಿಗೆ ಹಸಿರಾಗಿ ಹೊಳೆಯುತ್ತದಾದ್ದರಿಂದ, ಬೀಗರ ಮನೆಗೆ ಹೋದರೂ ಈತ ಕುಶಲ ಕೇಳುವ ಮೊದಲು ಶೋಕೇಸಿಗೆ ಟಾರ್ಚು ಹಿಡಿಯುತ್ತಾನೆ. ಇದನ್ನು ರೋಗವೆನ್ನುವವರಿದ್ದಾರೆ. ಆದರೆ 1953ರಲ್ಲೇ ಪಾಲ್ ಜೋಕೆಲ್ಸನ್ ಎಂಬಾತ ಅಮೆರಿಕದಲ್ಲಿ ಗಾಜಿನ ಪೇಪರ್‌ವೇಟ್ ಸಂಗ್ರಾಹಕರ ಸಂಘ ಕಟ್ಟಿದ್ದಾನೆ. ಸಂಘವಾದ ಮೇಲೆ ಅದು ರೋಗವಲ್ಲ, ಸಂಪ್ರದಾಯ.

ಇನ್ನು ಭಾರಪ್ರಕರಣ. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣ 1942ರಲ್ಲಿ ಬ್ರಿಟಿಷ್ ವಾಯುಪಡೆಗಾಗಿ ಹುಟ್ಟಿದ್ದು. ಗಾಜಿನ ಹೂದಾನಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ್ದಲ್ಲ. ಇಂದು ಅಲ್ಲಿಂದ ಹಾರುವವನು ಕೈಚೀಲದಲ್ಲಿ ಸಾಮಾನ್ಯವಾಗಿ 7 ಕೆ.ಜಿ. ಒಯ್ಯಬಹುದು. ಗಾಜು ನೀರಿಗಿಂತ ಎರಡೂವರೆ ಪಟ್ಟು ಭಾರ, ಸೀಸ ಬೆರೆತ ಸ್ಫಟಿಕಗಾಜು ಮೂರು ಪಟ್ಟಿನ ಆಸುಪಾಸು. ಅದರ ಮೇಲೆ ಆತಿಥೇಯರಿಗೆಂದು ಬೆಳಗಾವಿ ಕುಂದಾ 2 ಕೆ.ಜಿ. ಕುಂದಾ ಬಿಟ್ಟು ಹೋದರೆ ಬೆಳಗಾವಿಯವನೆಂದು ಯಾರೂ ನಂಬುವುದಿಲ್ಲ, ಗಾಜು ಬಿಟ್ಟು ಹೋದರೆ ಸಂಗ್ರಾಹಕನೆಂದು ನಂಬುವುದಿಲ್ಲ. ಸೀಸ ಎಕ್ಸ್-ರೇಯನ್ನು ತಡೆಯುವ ಗುಣದ್ದು ಎಂಬುದು ಇಲ್ಲಿಯ ಉಪತೊಡಕು: ಕಣ್ಣಿಗೆ ಪಾರದರ್ಶಕವಾದದ್ದು ತಪಾಸಣೆಯ ಪರದೆಯ ಮೇಲೆ ಕಪ್ಪು ಮುದ್ದೆಯಾಗಿ ಮೂಡಬಹುದು. ಅದರೊಳಗೆ ಹೂ ಅರಳಿದೆ ಎಂದು ಭದ್ರತಾ ಸಿಬ್ಬಂದಿಗೆ ವಿವರಿಸುವ ಭಾಷೆ ಇನ್ನೂ ವಿಕಾಸಗೊಂಡಿಲ್ಲ.

ಆದ್ದರಿಂದ ರೈಲೇ ಶ್ರೇಷ್ಠವೆಂದು ಒಂದು ಪಂಥ. ಬೆಳಗಾವಿಯಿಂದ ಮೀರಜ್ ದಾಟಿ ಪುಣೆಯತ್ತ ಹೋಗುವ ಗಾಡಿ ಕರಾಡ ಸ್ಟೇಷನ್ನಿಗೆ ಬರುತ್ತದೆ. ಆ ಸ್ಟೇಷನ್ ಇರುವುದು ಓಗಲೇವಾಡಿಯಲ್ಲಿ. 1916ರಲ್ಲಿ ಓಗಲೆ ಬಂಧುಗಳು ಆರಂಭಿಸಿದ ಗಾಜಿನ ಕಾರ್ಖಾನೆಯಿಂದ ಬಂದ ಹೆಸರು ಅದು. ಅವರ ಪ್ರಭಾಕರ ಕಂದೀಲು ವಿದ್ಯುತ್ತು ಬರುವ ಮುಂಚಿನ ಎಷ್ಟೋ ಮನೆಗಳನ್ನು ಬೆಳಗಿತು. ನಮ್ಮ ಸಂಗ್ರಾಹಕ ಈ ಸ್ಟೇಷನ್ನಿನಲ್ಲಿ ನಿದ್ದೆ ಮಾಡುತ್ತಿರುತ್ತಾನೆ. ಗಾಜಿಗೆ ಹೆಸರಾದ ವೆನಿಸ್ಸಿನ ಮುರಾನೋ ದ್ವೀಪ ಬಂದರೆ ಎಬ್ಬಿಸಿ ಎಂದು ಪಕ್ಕದವರಿಗೆ ಹೇಳಿಟ್ಟಿರುತ್ತಾನೆ.

ಹೊದಿಕೆಯ ಪ್ರಶ್ನೆ ಇನ್ನೂ ಗಹನ. ಬೆಳಗಾವಿಯ ರವಿವಾರ ಪೇಟೆಯ ಕಿರಾಣಿ ಅಂಗಡಿಗಳಲ್ಲಿ ರಟ್ಟಿನ ಪೆಟ್ಟಿಗೆ ಬೇಡಿ, ಬೆಂಗಳೂರಿನಿಂದ ಗುಳ್ಳೆ ಪ್ಲಾಸ್ಟಿಕ್ ತರಿಸಿ, ಮಳೆಗಾಲವಾದರೆ ಎಲ್ಲದರ ಮೇಲೊಂದು ತಾಡಪತ್ರಿ ಹೊದಿಸಬೇಕು. ಮಳೆಗೆ ಗಾಜು ಕೆಡದು, ರಟ್ಟು ಕೆಡುತ್ತದೆ; ಘಟ್ಟದ ಕಣಕುಂಬಿಯ ಕಡೆ ಮೋಡ ಕಟ್ಟಿತೆಂದರೆ ಯೋಜನೆಯ ಅರ್ಧ ಪುಟಗಳು ರದ್ದು. ಇತ್ತ ಖಾನಾಪುರ ಕುಂಬಾರಿಕೆಗೆ ಹೆಸರಾದ ಊರು. ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆ ಅಲ್ಲಿ 1954ರಿಂದ ಇದೆ. ಒಡೆಯುವ ವಸ್ತುವನ್ನು ಭತ್ತದ ಹುಲ್ಲಿನ ನಡುವೆ ಒತ್ತಿ ಗಾಡಿಗೇರಿಸುವುದು ಕುಂಬಾರರಿಗೆ ಹೊಸದಲ್ಲ. ಹುಲ್ಲು ಊರಲ್ಲೇ ಸಿಗುತ್ತದೆ. ಸುಲಭವಾಗಿ ಸಿಗುವುದರಿಂದಲೇ ಅದು ಶಾಸ್ತ್ರೀಯವಲ್ಲ.

ಇಲ್ಲಿ ಪೂರ್ವಪಕ್ಷದವರು ಬಳೆಗಾರರನ್ನು ಎತ್ತಿ ತೋರಿಸುತ್ತಾರೆ. ಹೆಗಲ ಮೇಲೆ ಮಲಾರ ಹೊತ್ತು, ನೂರಾರು ಗಾಜಿನ ಬಳೆ ಕಿಣಿಕಿಣಿಸುತ್ತ, ಜಾತ್ರೆಯಿಂದ ಜಾತ್ರೆಗೆ ನಡೆದವರು ಅವರು. ಗುಳ್ಳೆ ಪ್ಲಾಸ್ಟಿಕ್ ಇಲ್ಲ, ವಿಮೆ ಇಲ್ಲ, ‘ಎಚ್ಚರಿಕೆ: ಗಾಜು’ ಎಂಬ ಚೀಟಿಯೂ ಇಲ್ಲ. ಇದಕ್ಕೆ ಸಿದ್ಧಾಂತಿಯ ಉತ್ತರ: ಬಳೆಗಾರ ಮಾರಲು ಹೊರಟವನು, ದಾರಿ ನಡೆದಷ್ಟೂ ಅವನ ಭಾರ ಇಳಿಯುತ್ತದೆ. ಸಂಗ್ರಾಹಕನದು ಏರುತ್ತದೆ. ಹೀಗಾಗಿ ಹೋಗುವಾಗಲೇ ಆತ ಖಾಲಿ ಪೆಟ್ಟಿಗೆಗಳನ್ನು ಒಯ್ಯುತ್ತಾನೆ. ಇದಕ್ಕೆ ಸಂಬಂಧಿಸಿದ ಗೃಹಸಂವಾದ ಹೀಗಿರುತ್ತದೆ:

“ಇಷ್ಟು ಖಾಲಿ ಪೆಟಗಿ ಯಾಕ ಒಯ್ಯಾಕತ್ತೀರಿ?”

“ಬರೂಮುಂದ ತುಂಬಿರತಾವ.”

“ಅಂದ್ರ ಮತ್ತ ತರಾವ್ರೇನ್ರಿ?”

ಕೊನೆಯ ವಾಕ್ಯ ಪ್ರಶ್ನೆಯಲ್ಲ, ತೀರ್ಪು ಎಂಬಲ್ಲಿ ವ್ಯಾಖ್ಯಾನಕಾರರಲ್ಲಿ ಭಿನ್ನಮತವಿಲ್ಲ.

ಗಾಜನ್ನು ಮನೆಯಲ್ಲೇ ಇಟ್ಟರೆ ಕ್ಷೇಮವಲ್ಲವೇ ಎಂಬುದು ಮತ್ತೊಂದು ಆಕ್ಷೇಪ. ಪ್ರತ್ಯುತ್ತರಕ್ಕೆ ಅಮೆರಿಕದ ಕಾರ್ನಿಂಗ್ ಗಾಜು ಸಂಗ್ರಹಾಲಯವಿದೆ. 1972ರ ಜೂನ್‌ನಲ್ಲಿ ಆಗ್ನೆಸ್ ಚಂಡಮಾರುತದ ಮಳೆಗೆ ಉಕ್ಕಿದ ನದಿ ಒಳನುಗ್ಗಿತು. 13,000 ವಸ್ತುಗಳ ಪೈಕಿ 528ಕ್ಕೆ ಪೆಟ್ಟಾಯಿತು. ಅವು ಎಲ್ಲಿಗೂ ಪ್ರಯಾಣ ಹೊರಟಿರಲಿಲ್ಲ. ಈ ದೃಷ್ಟಾಂತವನ್ನು ಸಂಗ್ರಾಹಕರು ಮನೆಯವರ ಮುಂದೆ ಬಳಸಿ ನೋಡಿದ್ದಾರೆ. “ಹಂಗಾದ್ರ ತರೂದ ಬ್ಯಾಡ” ಎಂಬ ಉಪಸಿದ್ಧಾಂತ ಹುಟ್ಟಿದ್ದು ಆಗಲೇ.

ಇಷ್ಟಾದರೂ ಒಂದು ಸಮಸ್ಯೆ ಬಗೆಹರಿದಿಲ್ಲ. ಒಬ್ಬನೇ ಹೊರಟ ಸಂಗ್ರಾಹಕ ಬೆಳಗಾವಿ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿದ್ದಾನೆ, ಎರಡೂ ಕೈಯಲ್ಲಿ ಗಾಜು, ಮೂತ್ರಶಂಕೆಯಾಗಿದೆ. ಪೆಟ್ಟಿಗೆಯನ್ನು ಅಪರಿಚಿತರ ಕೈಗೆ ಕೊಡಬಹುದೇ, ಒಳಗೇ ಒಯ್ಯಬೇಕೇ, ಒಯ್ದರೆ ಎಲ್ಲಿಡಬೇಕು? ಈ ಅಧ್ಯಾಯ ಪೂರ್ಣಗೊಳ್ಳುವವರೆಗೆ ಟಿಕೆಟ್ ಕಾಯ್ದಿರಿಸುವುದನ್ನು ಮುಂದೂಡಲಾಗಿದೆ; ಕುಂದಾ ಮಾತ್ರ ಹಾಳಾದೀತೆಂದು ಮನೆಯವರು ತಿಂದು ಮುಗಿಸಿದ್ದಾರೆ.