ಯಾರ ಪೈಕಿ?

ದೇವಸಮುದ್ರದಲ್ಲಿ ಹಗಲು ಹೊತ್ತು ಬಾಗಿಲು ಹಾಕಿಕೊಳ್ಳುವುದು ಒಳ್ಳೆಯ ಲಕ್ಷಣವಲ್ಲ. ಹೊರಗಿನಿಂದ ಬೀಗ ಬಿದ್ದಿದ್ದರೆ ಪರವಾಗಿಲ್ಲ, ಬಳ್ಳಾರಿ ಆಸ್ಪತ್ರೆಗೋ ಮೊಳಕಾಲ್ಮುರು ಕೋರ್ಟಿಗೋ ಹೋಗಿದ್ದಾರೆ ಅಂತ ಜನ ಸುಮ್ಮನಾಗುತ್ತಾರೆ. ಒಳಗಿದ್ದುಕೊಂಡೇ ಹಾಕಿಕೊಂಡರೆ ಮಾತ್ರ ಬೀದಿಗೆ ಕೆಲಸ ಸಿಕ್ಕಿತು. ಗಂಡ ಹೆಂಡಿರ ಜಗಳವೋ, ಕೋಳಿ ಕೊಯ್ದಿದ್ದಾರೋ, ಸಾಲ ಕೊಟ್ಟವನು ಬಂದಿದ್ದಾನೋ ಅಂತ ಎದುರುಮನೆ ಕಟ್ಟೆಯ ಮೇಲೆ ವಿಚಾರಣೆ ಶುರುವಾಗಿ, ಹೊತ್ತು ಮುಳುಗುವುದರೊಳಗೆ ತೀರ್ಪೂ ಹೊರಬೀಳುತ್ತದೆ. ಇಂಥ ಊರಿನಲ್ಲಿ, ಗುರುತಿಲ್ಲದವರು ಬಂದರೆ ಬಾಗಿಲು ತೆಗೆಯಬೇಕೋ ಬೇಡವೋ ಎಂಬ ಪ್ರಶ್ನೆ ಹುಟ್ಟುವುದಾದರೂ ಹೇಗೆ? ತೆಗೆಯಬೇಕಾದರೆ ಮೊದಲು ಹಾಕಿರಬೇಕಲ್ಲ.

ನಮ್ಮಲ್ಲಿ ಬಾಗಿಲಿನ ಕೆಲಸವನ್ನು ಪ್ರಶ್ನೆಗಳು ಮಾಡುತ್ತವೆ. ಹೊಸಿಲ ಹತ್ತಿರ ನೆರಳು ಕಂಡ ತಕ್ಷಣ ನಮ್ಮಾಕೆ ಒಲೆಯ ಮುಂದಿನಿಂದಲೇ "ಯಾರು?" ಅನ್ನುತ್ತಾಳೆ. "ನಾನು" ಅಂತ ಉತ್ತರ ಬರುತ್ತದೆ. ಆಂಧ್ರದ ರಾಯದುರ್ಗ ನಮಗೆ ಹತ್ತಿರವಾದ್ದರಿಂದ ಕೆಲವು ಸಲ "ನೇನು" ಅಂತಲೂ ಬರುತ್ತದೆ. ಎರಡರಿಂದಲೂ ತಿಳಿಯುವುದು ಮುಂದಿನ ವಿಚಾರಣೆಯನ್ನು ಯಾವ ಭಾಷೆಯಲ್ಲಿ ನಡೆಸಬೇಕು ಎಂಬುದಷ್ಟೇ. ಆಮೇಲೆ ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬರುತ್ತಾಳೆ. "ಯಾವೂರಪ್ಪ?" ಬಂದವನು ಕೊಂಡ್ಲಹಳ್ಳಿ ಅಂದ ಅಂತಿಟ್ಟುಕೊಳ್ಳಿ. "ಅಲ್ಲಿ ಯಾರ ಪೈಕಿ? ನಮ್ ಚಿಗವ್ವನ ಮಗಳನ್ನ ಅಲ್ಲೀಗೇ ಕೊಟ್ಟೈತೆ. ಕಿರಾಣಿ ಅಂಗಡಿ ಮನೆ, ಗೊತ್ತೈತೇನು?" ಆ ಅಂಗಡಿ ಗೊತ್ತಿದ್ದರೆ ಅವನು ಅರ್ಧ ನೆಂಟ. ಅಲ್ಲಿ ಅವನಿಗೆ ಸಾಲವೂ ಇದ್ದರೆ ಪೂರ್ತಿ ನೆಂಟ. ಅವನು ಬಂದದ್ದು ಕುಕ್ಕರಿನ ಗ್ಯಾಸ್ಕೆಟ್ ಮಾರುವುದಕ್ಕೆ ಎಂಬ ಸಂಗತಿ ಹೊರಬೀಳುವ ಹೊತ್ತಿಗೆ ಮಜ್ಜಿಗೆ ಕುಡಿದಾಗಿರುತ್ತದೆ.

ಉತ್ತರಗಳಿಗೆ ತಕ್ಕಂತೆ ಜಾಗ ಸಿಗುತ್ತದೆ. ತಲೆಕೂದಲಿಗೆ ಸ್ಟೀಲ್ ಪಾತ್ರೆ ಕೊಡುವವನು ಬೀದಿಯಲ್ಲೇ ನಿಲ್ಲುತ್ತಾನೆ. ಮಿಕ್ಸಿ ರಿಪೇರಿಯವನು ಕಟ್ಟೆ ಹತ್ತುತ್ತಾನೆ. ಬ್ಯಾಂಕಿನವನು, ವಿಮೆಯವನು, ಶೇಂಗಾ ದರ ಕೇಳಲು ಬಂದ ದಲಾಲಿ ಇವರೆಲ್ಲ ಪಡಸಾಲೆಯ ಪ್ಲಾಸ್ಟಿಕ್ ಕುರ್ಚಿಯವರೆಗೆ ಬರುತ್ತಾರೆ. ಇಲ್ಲಿ ಒಂದು ಮಾತು ಹೇಳದೆ ಮುಂದಕ್ಕೆ ಹೋದರೆ ನಾನು ಊರನ್ನು ಸುಮ್ಮನೆ ಹೊಗಳಿದಂತಾಗುತ್ತದೆ. ಹಿಂದೆ ಯಾರೂ ಬಾಗಿಲು ಹಾಕುತ್ತಿರಲಿಲ್ಲ ಅಂತ ಹಳಬರು ಹೆಮ್ಮೆಯಿಂದ ಹೇಳುತ್ತಾರೆ. ನಿಜ, ಬಾಗಿಲು ತೆರೆದೇ ಇತ್ತು, ಮುಚ್ಚಿದ್ದು ಹೊಸಿಲು. ಅದನ್ನು ಯಾರು ದಾಟಬಹುದು, ಯಾರಿಗೆ ಮೇಲಿನಿಂದ ನೀರು ಹೊಯ್ಯಬೇಕು, ಯಾರಿಗೆ ಗೋಡೆಯ ಗೂಡಿನಲ್ಲಿಟ್ಟ ಬೇರೆ ಲೋಟ, ಇದನ್ನೆಲ್ಲ ತೀರ್ಮಾನಿಸುತ್ತಿದ್ದದ್ದು ಅದೇ "ಯಾರ ಪೈಕಿ?" ಎಂಬ ಸವಿಯಾದ ಪ್ರಶ್ನೆ. ಹೆಸರು ಕೇಳಿದರೆ ಒರಟಾಗುತ್ತದೆ, ಜಾತಿ ಕೇಳಿದರೆ ಇನ್ನೂ ಒರಟು. ಪೈಕಿ ಕೇಳಿದರೆ ಎರಡೂ ಗೊತ್ತಾಗಿ ಮರ್ಯಾದೆಯೂ ಉಳಿಯುತ್ತಿತ್ತು. ನಮ್ಮ ಮನೆಯ ಗೂಡಿನಲ್ಲಿ ಈಗ ಲೋಟವಿಲ್ಲ, ಮೊಬೈಲ್ ಚಾರ್ಜರ್ ಇದೆ. ಪ್ರಶ್ನೆ ಮಾತ್ರ ಇನ್ನೂ ಇದೆ.

ಈ ಸೀಮೆಗೆ ಗುರುತಿಲ್ಲದವರು ಬರುವುದು ಹೊಸದೇನಲ್ಲ. ನಮ್ಮ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ. ಬರೆದವನ ಹೆಸರು ಚಪಡ. ಶಾಸನವೆಲ್ಲ ಬ್ರಾಹ್ಮಿಯಲ್ಲಿದ್ದರೂ ತಾನು ಲಿಪಿಕಾರ ಎಂಬುದನ್ನು ಮಾತ್ರ ಅವನು ಖರೋಷ್ಠಿಯಲ್ಲಿ ಬರೆದಿದ್ದಾನೆ. ಅದು ವಾಯವ್ಯದ ಗಾಂಧಾರದ ಕಡೆಯ ಲಿಪಿ. ನನ್ನ ಯೋಚನೆಯೆಲ್ಲ, ಬಂಡೆಗೆ ಉಳಿ ಹಚ್ಚುವ ಮೊದಲು ಈ ಚಪಡ ಯಾರ ಮನೆಯ ಮುಂದೆ ನಿಂತು ನೀರು ಕೇಳಿರಬಹುದು ಎಂದು. ಭಾಷೆ ಬಾರದ, ಬಲದಿಂದ ಎಡಕ್ಕೆ ಬರೆಯುವ ಮನುಷ್ಯ! "ಯಾವೂರಪ್ಪ?" ಅಂದಿದ್ದರೆ ಅವನು ಏನು ಹೇಳಿಯಾನು, ಅಲ್ಲಿಗೆ ನಮ್ಮ ಕಡೆಯ ಯಾವ ಚಿಗವ್ವನ ಮಗಳನ್ನು ಕೊಟ್ಟಿದ್ದಾರು? ಆದರೂ ಯಾರೋ ನೀರು ಕೊಟ್ಟಿರಬೇಕು, ಬರೆದು ಮುಗಿಸಿದ್ದಾನೆ. ಬ್ರಹ್ಮಗಿರಿಯ ಶಾಸನ ಶುರುವಾಗುವುದೂ ಸುವರ್ಣಗಿರಿಯ ಅಧಿಕಾರಿಗಳು ಇಸಿಲದ ಅಧಿಕಾರಿಗಳ ಆರೋಗ್ಯ ವಿಚಾರಿಸುವುದರಿಂದ. ಕ್ಷೇಮ ಕೇಳಿ ಆಮೇಲೆ ಬಂದ ಕೆಲಸ ಹೇಳುವ ನಮ್ಮ ಕಡೆಯ ಪದ್ಧತಿ ಅಷ್ಟು ಹಳೆಯದು. ತಂದೆತಾಯಿಗಳ ಮಾತು ಕೇಳಿ, ಪ್ರಾಣಿಗಳಲ್ಲಿ ದಯೆಯಿಡಿ, ಸತ್ಯ ನುಡಿಯಿರಿ, ಗುರುವನ್ನು ಗೌರವಿಸಿ, ನೆಂಟರೊಡನೆ ಸರಿಯಾಗಿ ನಡೆದುಕೊಳ್ಳಿ ಎಂದೆಲ್ಲ ಅದರಲ್ಲಿದೆ. ಗ್ಯಾಸ್ಕೆಟ್ ಮಾರುವವನ ಬಗ್ಗೆ ಸಾಮ್ರಾಟರು ಏನೂ ಅಪ್ಪಣೆ ಕೊಡಿಸಿಲ್ಲ.

ಆ ಶಾಸನಗಳನ್ನು ಹುಡುಕಿಕೊಂಡು 1892ರಲ್ಲಿ ಬಿ.ಎಲ್. ರೈಸ್ ಬಂದರು. ಬ್ರಹ್ಮಗಿರಿಯನ್ನು ಅಗೆಯಲು 1947ರಲ್ಲಿ ಮಾರ್ಟಿಮರ್ ವೀಲರ್ ಬಂದರು. ನಾಡೆಲ್ಲ ಬ್ರಿಟಿಷರನ್ನು ಬೀಳ್ಕೊಡುತ್ತಿದ್ದ ವರ್ಷದಲ್ಲಿ ಒಬ್ಬ ಇಂಗ್ಲಿಷರವನು ನಮ್ಮ ಮಣ್ಣು ಅಗೆಯುತ್ತಿದ್ದ, ನಮ್ಮವರು ಬುಟ್ಟಿ ಹೊರುತ್ತಿದ್ದರು. ಅಗೆಯುವವರು ಯಾರೇ ಬಂದರೂ ನಿಧಿಗೇ ಬಂದಿದ್ದಾರೆ ಅಂತ ನಂಬುವ ಜನ ನಾವು. ಕೆಲಸ ಮುಗಿಯುವವರೆಗೆ ಅವರನ್ನು ಕಳಿಸುವುದಿಲ್ಲ.

ಇನ್ನು ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು. ಅವರು ಕೆರೆಗಳನ್ನು ಕಟ್ಟಿಸಿದರು ಅಂತ ನಮ್ಮ ಕಡೆ ಜನ ಇವತ್ತಿಗೂ ಹೇಳುತ್ತಾರೆ. ಮಾಡಿದಷ್ಟು ನೀಡು ಭಿಕ್ಷೆ ಅನ್ನುವುದು ಅವರ ಮಾತು. ಹಾಗಾಗಿ ಕಾವಿ ತೊಟ್ಟು ಜೋಳಿಗೆ ಹಿಡಿದವನನ್ನು ಗದರಿ ಕಳಿಸಲು ನಮ್ಮವ್ವನಿಗೆ ಧೈರ್ಯ ಬರುತ್ತಿರಲಿಲ್ಲ. ಇವನೇ ಅವನಾಗಿದ್ದರೆ? ಈಗ ಕೆರೆಯ ಮಾತು ಹಿಡಿದುಕೊಂಡು ಬಾಗಿಲಿಗೆ ಬರುವವರು ಬೇರೆ, ಅವರ ಬಟ್ಟೆ ಬಿಳಿ. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 2023ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ರೂಪಾಯಿ ಎಂದು ಕೇಳಿದಾಗ ನಮ್ಮಾಕೆ ಕೊಡಗಳನ್ನು ತೊಳೆದಿಟ್ಟಳು. ಮತ ಕೇಳಲು ಬಂದವರನ್ನು ಅವಳು ಯಾರ ಪೈಕಿ ಅಂತ ಕೇಳುವುದಿಲ್ಲ. ಅದು ಅವರಿಗೇ ಚುನಾವಣೆಯಿಂದ ಚುನಾವಣೆಗೆ ಬದಲಾಗುತ್ತಿರುತ್ತದೆ.

ಗುರುತಿಲ್ಲದವರ ಪೈಕಿ ನನಗೆ ಇಷ್ಟವಾದವನು ಹೆಳವ. ಎತ್ತಿನ ಮೇಲೆ ಕೂತು ಬರುತ್ತಿದ್ದ. ನಾವು ಅವನ ಊರು ಕೇಳುವ ಮೊದಲೇ ನಮ್ಮ ವಂಶ ಹೇಳಲು ಶುರು ಮಾಡುತ್ತಿದ್ದ. ಮುತ್ತಾತ ಯಾರು, ಅವನ ಅಣ್ಣತಮ್ಮಂದಿರು ಎಷ್ಟು, ಯಾವ ಬರದಲ್ಲಿ ಎಲ್ಲಿಂದ ಇಲ್ಲಿಗೆ ಬಂದರು, ಎಲ್ಲ ಅವನ ನಾಲಗೆಯ ಮೇಲಿತ್ತು. ಅವ್ವ ಮೊರದಲ್ಲಿ ಜೋಳ ತಂದು ನಿಲ್ಲುತ್ತಿದ್ದಳು. ಅಪ್ಪ ಮಾತ್ರ ಚಡಪಡಿಸುತ್ತಿದ್ದ, ಏಕೆಂದರೆ ಹೊಲದ ವ್ಯಾಜ್ಯ ನಡೆದಿದ್ದ ದಾಯಾದಿಯ ಅಜ್ಜನೂ ನಮ್ಮಜ್ಜನೂ ಒಂದೇ ತಾಯಿಯ ಮಕ್ಕಳು ಎಂದು ಹೆಳವ ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದ. ಗುರುತಿಲ್ಲದವನಿಗೆ ನಮ್ಮ ಗುರುತು ಇಷ್ಟೊಂದು ಇರುವುದು ಅಪಾಯ ಅಂತ ನನಗೆ ಮೊದಲು ಹೊಳೆದದ್ದು ಆಗ.

ಹಾಗಂತ ಭಯ ನಮಗೆ ಗೊತ್ತಿಲ್ಲವೆಂದಲ್ಲ. ರಾತ್ರಿ ದೆವ್ವವೊಂದು ಮನೆಯವರದೇ ದನಿಯಲ್ಲಿ ಕೂಗುತ್ತದೆ, ಓಗೊಟ್ಟು ಬಾಗಿಲು ತೆಗೆದವರು ಉಳಿಯುವುದಿಲ್ಲ ಎಂಬ ಸುದ್ದಿ ಹಬ್ಬಿ, 1990ರ ದಶಕದಲ್ಲಿ ಕರ್ನಾಟಕದ ಎಷ್ಟೋ ಊರುಗಳ ಬಾಗಿಲಿನ ಮೇಲೆ "ನಾಳೆ ಬಾ" ಎಂಬ ಬರಹ ಬಿದ್ದಿತು. ದೆವ್ವ ಬಂದು ಓದಿಕೊಂಡು, ಆಯ್ತು ನಾಳೆ ಬರೋಣ ಅಂತ ಹೋಗುತ್ತದೆ, ಮರುದಿನವೂ ಅದನ್ನೇ ಓದುತ್ತದೆ. ವಯಸ್ಕರ ಶಿಕ್ಷಣ ನಡೆಯುತ್ತಿದ್ದ ಕಾಲದಲ್ಲಿ ದೆವ್ವಕ್ಕೆ ಆಗಲೇ ಅಕ್ಷರ ಬರುತ್ತಿತ್ತು, ಜೊತೆಗೆ ಮಾತಿಗೆ ಬೆಲೆ ಕೊಡುವ ಗುಣವೂ ಇತ್ತು. ಈಗಿನವರಲ್ಲಿ ಅದಿಲ್ಲ. ಮೈಕ್ರೊಫೈನಾನ್ಸಿನ ವಾರದ ಕಂತಿಗೆ ಬರುವ ಹುಡುಗನಿಗೆ "ನಾಳೆ ಬಾ" ಅಂದು ನೋಡಿ, ಬೈಕಿಗೆ ಸ್ಟ್ಯಾಂಡ್ ಹಾಕಿ ಕಟ್ಟೆಯ ಮೇಲೆ ಕೂರುತ್ತಾನೆ. ಇವರ ಕಾಟ ತಾಳಲಾರದೆ ರಾಜ್ಯದ ಹಲವು ಕಡೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟರು, 2025ರ ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು.

ನೀರು ಕೇಳಿಕೊಂಡು ಬಂದು ಮನೆಯವರನ್ನು ಕೊಲ್ಲುತ್ತಿದ್ದ ದಂಡುಪಾಳ್ಯದ ಗ್ಯಾಂಗಿನ ಸುದ್ದಿ ಬಂದ ಮೇಲೆ ನಮ್ಮ ಬೀದಿಯಲ್ಲೂ ಕೆಲವು ದಿನ ಚಿಲಕ ಬಿದ್ದವು. 2012ರಲ್ಲಿ ಅದರ ಸಿನಿಮಾ ಬಂದಾಗ ಇನ್ನೊಮ್ಮೆ ಬಿದ್ದವು. ಆದರೆ ಅಂಜಬೇಕಾದವರು ಯಾವಾಗಲೂ ಒಳಗಿರುವವರೇ ಅಲ್ಲ. ಮಕ್ಕಳ ಕಳ್ಳರ ವದಂತಿ ಮೊಬೈಲಿನಲ್ಲಿ ಹರಿದಾಡುತ್ತಿದ್ದ 2018ರ ಜುಲೈನಲ್ಲಿ, ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರ್ ಒಬ್ಬನನ್ನು ಜನ ಹೊಡೆದು ಕೊಂದರು. ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಅನುಮಾನಕ್ಕೆ ಕಾರಣವಾಯಿತು. ಅವತ್ತು ಯಾರಾದರೂ ಒಬ್ಬರು ಸಾವಧಾನವಾಗಿ "ಯಾವೂರಪ್ಪ?" ಅಂತ ಕೇಳಿ ಉತ್ತರ ಬರುವವರೆಗೆ ಕಾದಿದ್ದರೆ ಸಾಕಿತ್ತು. ಅದಕ್ಕೇ ನಮ್ಮಾಕೆಯ ಪ್ರಶ್ನೆಗಳನ್ನು ನಾನು ಪೂರ್ತಿ ಗೇಲಿ ಮಾಡಲಾರೆ.

ಬೆಂಗಳೂರಿನ ಮಗಳಿಗೆ ಇದು ಒಪ್ಪಿಗೆಯಿಲ್ಲ. ಫೋನಿನಲ್ಲಿ ಊಟ ಆಯ್ತಾ ಅಂತ ಕೇಳಿದ ಮೇಲೆ ಬಾಗಿಲು ಹಾಕಿದ್ದೀರಾ ಅಂತ ಕೇಳುತ್ತಾಳೆ. ಪಾಲಿಶ್ ಮಾಡಿಕೊಡುತ್ತೇವೆಂದು ಬಂದು ಸರದ ಚಿನ್ನ ಕರಗಿಸಿಕೊಂಡು ಹೋದವರ ವಿಡಿಯೊ ಕಳಿಸುತ್ತಾಳೆ. ಅದಕ್ಕೆ ಅವರಮ್ಮ ಹೇಳಿದ್ದು: "ನನ್ ಸರ ಶೇಂಗಾ ಬೀಜಕ್ಕೆ ಅಂತ ಮುಂಗಾರಿನಾಗೇ ಬ್ಯಾಂಕಿನಾಗೆ ಕುಂತೈತೆ. ಪಾಲಿಶ್ ಮಾಡೋನು ಬಂದ್ರೆ ಮ್ಯಾನೇಜರ್ ತಾವ ಕಳಿಸ್ತೀನಿ." ಮಗಳ ಅಪಾರ್ಟ್‌ಮೆಂಟಿನಲ್ಲಿ ಬಂದವರ ಫೋಟೊ ತೆಗೆದು ಆ್ಯಪಿನಲ್ಲಿ ಮೇಲಕ್ಕೆ ಕಳಿಸುತ್ತಾರೆ, ಮನೆಯವರು ಒಪ್ಪಿಗೆ ಒತ್ತಿದರೆ ಗೇಟು ತೆರೆಯುತ್ತದೆ. ಹೆಗಲ ಮೇಲೆ ಶೇಂಗಾ ಚೀಲ ಹೊತ್ತ ನನ್ನ ಫೋಟೊ ಹೋದಾಗ ಅವಳು ಆಫೀಸಿನ ಮೀಟಿಂಗಿನಲ್ಲಿದ್ದಳು. ಕಾವಲುಗಾರ ರಾಯಚೂರು ಕಡೆಯವನು. ಸ್ವಲ್ಪ ಹೊತ್ತು ನೋಡಿ, "ಯಾವೂರ್ರೀ ಯಜಮಾನ್ರ?" ಅಂದ. ಹೇಳಿದೆ. "ನಮ್ಮಕ್ಕನ್ನ ರಾಯದುರ್ಗಕ್ಕ ಕೊಟ್ಟೀವ್ರೀ" ಅಂದವನೇ ಕುರ್ಚಿ ಕೊಟ್ಟು, ಚಹಾ ತರಿಸಿದ. ಒಪ್ಪಿಗೆ ಬರುವ ಹೊತ್ತಿಗೆ ಇಬ್ಬರೂ ಸೇರಿ ಅರ್ಧ ಸೇರು ಶೇಂಗಾ ಸುಲಿದಿದ್ದೆವು.

ನಮ್ಮ ಪದ್ಧತಿ ತಲೆಕೆಳಗಾದದ್ದು 2025ರ ಸೆಪ್ಟೆಂಬರ್ 22ಕ್ಕೆ ಶುರುವಾದ ರಾಜ್ಯ ಸರ್ಕಾರದ ಮನೆಮನೆ ಸಮೀಕ್ಷೆಯಲ್ಲಿ. ಮೊದಲು ಮೀಟರ್ ಓದುವವರು ಬಂದು ಬಾಗಿಲ ಚೌಕಟ್ಟಿಗೆ ಸ್ಟಿಕ್ಕರ್ ಅಂಟಿಸಿ ಹೋದರು. ಆಮೇಲೆ ಒಬ್ಬ ಮೇಷ್ಟ್ರು ಮೊಬೈಲು ಹಿಡಿದು ಬಂದರು. ಬಂದವರ ಜಾತಿಯನ್ನು ನಾಜೂಕಾಗಿ ತಿಳಿದುಕೊಳ್ಳುತ್ತಿದ್ದ ಮನೆಯಲ್ಲಿ, ಬಂದವರೇ ನೇರವಾಗಿ ನಮ್ಮ ಜಾತಿ, ಉಪಜಾತಿ ಕೇಳುವ ಕಾಲ ಬಂತು. ಪ್ರಶ್ನೆಗಳು ಅರವತ್ತು. ಬೆಂಗಳೂರಿನಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರಿಗೇ ಅವು ಜಾಸ್ತಿಯೆನಿಸಿದವು. ಭಾಗವಹಿಸುವುದು ಕಡ್ಡಾಯವಲ್ಲ ಅಂತ ಹೈಕೋರ್ಟೂ ಹೇಳಿತ್ತು. ನಾನು ಅದನ್ನು ಹೇಳಲು ಹೋದೆ. "ಮನೆತಂಕ ಬಂದೋರ್ನ ಹಂಗಂತಾರೇನು?" ಅಂತ ನಮ್ಮಾಕೆ ನನ್ನನ್ನೇ ಸುಮ್ಮನಾಗಿಸಿ, ಮೇಷ್ಟ್ರನ್ನು ಪಡಸಾಲೆಯಲ್ಲಿ ಕೂರಿಸಿದಳು. ಕುರಿ ಎಷ್ಟು, ಕೋಳಿ ಎಷ್ಟು ಎಂದಾಗ ಅವಳ ಮುಖ ಅರಳಿತು. ಇಷ್ಟು ವರ್ಷದಲ್ಲಿ ಸರ್ಕಾರ ಕೇಳಿದ ಮೊದಲ ಬುದ್ಧಿವಂತ ಪ್ರಶ್ನೆ ಅದು ಅಂತ ಅವಳ ಅಭಿಪ್ರಾಯ. ಯಾವ ಹೇಂಟೆ ಕಾವಿಗೆ ಕೂತಿದೆ ಎಂಬುದನ್ನೂ ಬರೆದುಕೊಳ್ಳಿರಿ ಅಂದಳು.

ತೊಡಕು ಬಂದದ್ದು ಒಟಿಪಿಯಲ್ಲಿ. ನಮ್ಮ ಆಧಾರಿಗೆ ಜೋಡಿಸಿದ್ದು ಮಗಳ ನಂಬರು. ನೆಟ್‌ವರ್ಕಿಗಾಗಿ ಮೇಷ್ಟ್ರು, ನಾನು, ನಮ್ಮಾಕೆ ಮೂವರೂ ಮಾಳಿಗೆ ಹತ್ತಿ ಫೋನು ಮಾಡಿದೆವು. ಮಗಳು ಖಡಾಖಂಡಿತ ಹೇಳಿದಳು, ಗುರುತಿಲ್ಲದವರಿಗೆ ಒಟಿಪಿ ಕೊಡುವುದಿಲ್ಲ ಅಂತ. ಮೇಷ್ಟ್ರು ಗುರುತಿನ ಚೀಟಿಯನ್ನು ಫೋನಿನ ಮುಂದೆ ಹಿಡಿದರು, ಅದು ವಿಡಿಯೊ ಕರೆ ಅಲ್ಲ ಎಂಬುದು ಅವರಿಗೆ ಮರೆತಿತ್ತು. ಕಡೆಗೆ ನಮ್ಮಾಕೆ ಫೋನು ಕಸಿದುಕೊಂಡಳು. "ಇವ್ರು ಬೇರೆ ಯಾರೂ ಅಲ್ಲ ಕಣೇ, ತಳಕಿನೋರು. ನಿಮ್ ಚಳ್ಳಕೆರೆ ದೊಡ್ಡಮ್ಮನ ಮಗ್ಗುಲ ಮನೆ ಐತಲ್ಲ, ಎಣ್ಣೆ ಮಿಲ್ಲಿನೋರ್ದು, ಅವ್ರ ಸೊಸೆಗೆ ಅಣ್ಣ ಆಗಬೇಕು." ಆ ಕಡೆ ಒಂದು ಗಳಿಗೆ ಮಾತಿಲ್ಲ. ಆಮೇಲೆ ಆರು ಅಂಕಿಗಳು ಬಂದವು. ಅಷ್ಟರಲ್ಲಿ ಒಟಿಪಿಯ ಅವಧಿ ಮುಗಿದಿತ್ತು. ಇನ್ನೊಂದು ತರಿಸಿಕೊಳ್ಳಬೇಕಾಯಿತು.

ಅರವತ್ತೂ ಮುಗಿಸಿ ಮೇಷ್ಟ್ರು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು. ಮುಂದಿನ ಮನೆಯವರು ಆಗಲೇ ಹೊಸಿಲ ಮೇಲೆ ನಿಂತು ಕಾಯುತ್ತಿದ್ದರು.

"ಅಂದಂಗೆ ಮೇಷ್ಟ್ರೇ," ಅಂದಳು ನಮ್ಮಾಕೆ, "ನಿಮ್ ತಮ್ಮ ಅಂದ್ರಲ್ಲ, ಬಳ್ಳಾರಿನಾಗೆ ಇರೋನು, ಅವ್ನಿಗೆ ಲಗ್ನ ಆಗೈತೇನು?"